ಸರಕಿನ ಪ್ರಶಸ್ತಿ: ಅಯ್ಯಾವೊಳೆಯಿಂದ ಇಂಡಿಯ ನಿಂಬೆಯವರೆಗೆ

ವಣಿಕನು ತನ್ನ ಸರಕನ್ನು ಹೊಗಳಿಕೊಳ್ಳುವುದು ಇಂದು ನಿನ್ನೆಯ ರೂಢಿಯಲ್ಲ. ಮುದ್ದೇಬಿಹಾಳದ ಸೀಮೆಯಿಂದ ಕೃಷ್ಣೆಯನ್ನು ದಾಟಿದರೆ ಐಹೊಳೆಯ ನೆಲ ಬರುತ್ತದೆ. ಶಾಸನಗಳು ಅಯ್ಯಾವೊಳೆಯೆಂದು ಕರೆಯುವ ಈ ಊರು ಐನೂರ್ವರೆಂಬ ವರ್ತಕ ಸಂಘದ ಮೂಲಸ್ಥಾನ. ಈ ಸಂಘದ ಪ್ರಶಸ್ತಿಗಳು ಕನ್ನಡನಾಡಿನ ಅನೇಕ ಶಾಸನಗಳಲ್ಲಿ ಉಳಿದಿವೆ. ಅವುಗಳಲ್ಲಿ ವರ್ತಕರು ಮೊದಲು ಹೇಳಿಕೊಳ್ಳುವುದು ತಮ್ಮ ಸತ್ಯ, ಶೌಚ, ಸದಾಚಾರಗಳನ್ನು. ಇದೂ ಒಂದು ಬಗೆಯ ಜಾಹೀರಾತೇ ಸರಿ. (ಅದೇ ಊರಿನ ಮೇಗುತಿ ಜಿನಾಲಯದ ಕ್ರಿ.ಶ. 634ರ ಶಾಸನದಲ್ಲಿ ರವಿಕೀರ್ತಿಯು ತನ್ನ ಕೀರ್ತಿಯನ್ನು ಕಾಳಿದಾಸ, ಭಾರವಿಗಳ ಕೀರ್ತಿಗೆ ಸರಿಗಟ್ಟಿಕೊಂಡಿದ್ದಾನೆ. ಕವಿಗೆ ಅಷ್ಟು ಸಲುಗೆ ಇರಲಿ.) ಆದರೆ ವರ್ತಕರ ಮಾತು ಕಲ್ಲಿನ ಮೇಲೆ, ಸಂಘದ ಹೆಸರಿನಲ್ಲಿ, ನಾಲ್ಕು ಜನರ ಎದುರಿಗೆ ನಿಂತಿತ್ತು.

ವಂಚನೆಯ ಮಾರಾಟವನ್ನು ನಮ್ಮ ಆಚಾರ್ಯರು ಎಲ್ಲಿ ಇರಿಸಿದ್ದಾರೆಂಬುದು ವಿಚಾರಾರ್ಹ. ಅದು ಸತ್ಯಾಣುವ್ರತದ ಅತಿಚಾರವಾಗಿರಬೇಕೆಂದು ಯಾರಿಗಾದರೂ ತೋರುತ್ತದೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ 'ಪ್ರತಿರೂಪಕ ವ್ಯವಹಾರ'ವನ್ನು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಅದರ ಪಕ್ಕದಲ್ಲಿಯೇ ಕಳ್ಳತೂಕ, ಕಳ್ಳ ಅಳತೆಗಳಿವೆ. ಕೃತ್ರಿಮ ಚಿನ್ನ ಮೊದಲಾದವುಗಳಿಂದ ವಂಚಿಸಿ ವ್ಯವಹರಿಸುವುದೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ವಿವರಿಸಿದರು. ಸಮಂತಭದ್ರರು ಒಂದನ್ನು ಹೋಲುವ ಇನ್ನೊಂದನ್ನು ಬೆರೆಸಿ ಮಾರುವುದನ್ನೂ ಕಳವಿನ ಸಾಲಿಗೇ ಸೇರಿಸಿದ್ದಾರೆ. ಕೊಳ್ಳುವವನ ಕೈಬಿಟ್ಟು ಹೋಗುವುದು ಹಣ. ಸುಳ್ಳು ಮಾತು ಕನ್ನ ಕೊರೆಯುವ ಹಾರೆ ಮಾತ್ರ.

ಸರ್ಕಾರದ ಕಾಯಿದೆ ಈ ದಾರಿಗೆ ತಡವಾಗಿ ಬಂದಿತು. ಪವಾಡದ ಔಷಧಿಗಳ ಜಾಹೀರಾತನ್ನು 1954ರ ಕಾಯಿದೆ ತಡೆಯಿತು. ಗ್ರಾಹಕನಿಗೆ ತನ್ನದೇ ಆದ ನ್ಯಾಯಪೀಠ ದೊರೆತದ್ದು 1986ರ ಕಾಯಿದೆಯಿಂದ. 2019ರ ಕಾಯಿದೆಯಂತೆ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ, ಪುನಃ ತಪ್ಪಿದರೆ 50 ಲಕ್ಷದವರೆಗೆ ದಂಡ. ಹೊಗಳಿ ನಟಿಸಿದ ಪ್ರಸಿದ್ಧರೂ ಈ ದಂಡಕ್ಕೆ ಹೊರತಲ್ಲ. ಪಂಚಕಲ್ಯಾಣದ ಸ್ಮರಣಸಂಚಿಕೆಗೆ ಪುಟಗಟ್ಟಲೆ ಜಾಹೀರಾತು ಪಡೆಯುವ ಬಸದಿಯ ಟ್ರಸ್ಟಿನವರು, ಅಚ್ಚಿಗೆ ಕಳುಹಿಸುವ ಮೊದಲು ಅವನ್ನು ಒಮ್ಮೆ ಓದಿ ನೋಡುವುದು ಲೇಸು.

ನಮ್ಮ ಜಿಲ್ಲೆಗೆ ಈ ಪ್ರಶ್ನೆ ಈಗ ಮನೆಬಾಗಿಲಿಗೇ ಬಂದಿದೆ. ಇಂಡಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2025ರಲ್ಲಿ ಆ ಹೆಸರಿನಿಂದಲೇ ಹಣ್ಣು ಅರಬ್ ನಾಡಿಗೆ ಹೋಯಿತು. ಇಂಡಿ ಎಂಬ ಎರಡಕ್ಷರವೇ ಇಂದು ಜಾಹೀರಾತು. ಬೇರೆ ಸೀಮೆಯ ಕಾಯಿಯ ಚೀಲಕ್ಕೆ ಆ ಹೆಸರಿನ ಚೀಟಿ ಅಂಟಿಸುವುದು ಪೂಜ್ಯಪಾದರ ಕೃತ್ರಿಮ ಚಿನ್ನಕ್ಕಿಂತ ಬೇರೆಯಲ್ಲ. 1999ರ ಕಾಯಿದೆ ಇದಕ್ಕೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸವನ್ನು ವಿಧಿಸುತ್ತದೆ. ಸಂತೆಯಲ್ಲಿ ಕೊಂಡವನಿಗೆ ಆಗುವ ನಷ್ಟ ನಾಲ್ಕಾರು ರೂಪಾಯಿ. ಬಾವಿ ಬತ್ತಿದ ಬೇಸಿಗೆಯಲ್ಲಿ ಟ್ಯಾಂಕರಿನ ನೀರು ಕೊಂಡು ತಂದು ಗಿಡಗಳನ್ನು ಉಳಿಸಿಕೊಂಡ ಇಂಡಿ, ಸಿಂದಗಿಯ ರೈತನಿಗಾದರೋ, ಅವನ ಹೆಸರೇ ಕಳವಾಗಿರುತ್ತದೆ.