ನಕ್ಷೆಯ ಬೀಗದ ಕೈ

ಸರ್ಕಿಟ್ ಬೋರ್ಡಿನ ನಕ್ಷೆ ಬಿಡಿಸಲು ಒಂದು ಕಾಲದಲ್ಲಿ ಸಾಫ್ಟ್‌ವೇರೇ ಬೇಕಿರಲಿಲ್ಲ. ಅಡಿಯಿಂದ ಬೆಳಕು ಬರುವ ಮೇಜು, ಪಾರದರ್ಶಕ ಹಾಳೆ, ಅಂಟುಪಟ್ಟಿ, ಚೂಪಾದ ಬ್ಲೇಡು ಇದ್ದರೆ ಸಾಕಿತ್ತು. ತಾಮ್ರದ ಗೆರೆ ಹಾಯಬೇಕಾದ ಕಡೆಯಲ್ಲೆಲ್ಲ ಪಟ್ಟಿ ಅಂಟಿಸುತ್ತಿದ್ದರು. ಅದೂ ನಿಜ ಅಳತೆಯ ಎರಡೋ ನಾಲ್ಕೋ ಪಟ್ಟು ದೊಡ್ಡದಾಗಿ. ಆಮೇಲೆ ಕ್ಯಾಮೆರಾದಿಂದ ಕುಗ್ಗಿಸುತ್ತಿದ್ದರು. ಎರಡು ಮುಖದ ಬೋರ್ಡಾದರೆ ಒಂದಕ್ಕೆ ಕೆಂಪು ಪಟ್ಟಿ, ಇನ್ನೊಂದಕ್ಕೆ ನೀಲಿ. ಇಂದಿಗೂ ಅನೇಕ ಸಾಫ್ಟ್‌ವೇರ್‌ಗಳ ಪರದೆಯಲ್ಲಿ ಮೇಲ್ಪದರ ಕೆಂಪು, ಕೆಳಪದರ ನೀಲಿ. ಇದು ಆ ಪಟ್ಟಿಗಳ ನೆನಪೇ ಇರಬೇಕೆಂದು ನನಗನ್ನಿಸುತ್ತದೆ.

ಆ ಹಾಳೆಯನ್ನು ಬೀರುವಿನಿಂದ ತೆಗೆದರೆ ಕಣ್ಣಿದ್ದವರು ಯಾರಾದರೂ ಓದಬಹುದು. ಕಂಪ್ಯೂಟರ್ ಬಂದಮೇಲೆ ಕೆಲಸ ಹಗುರವಾಯಿತು, ನಕ್ಷೆ ಮಾತ್ರ ಫೈಲಿನೊಳಗೆ ಹೊಕ್ಕಿತು. ಅದನ್ನು ತೆರೆಯುವ ಕೀಲಿಕೈ ಸಾಫ್ಟ್‌ವೇರ್ ಮಾಡಿದವರ ಬಳಿ ಉಳಿಯಿತು.

ಜರ್ಮನಿಯ ಕ್ಯಾಡ್‌ಸಾಫ್ಟ್ ಕಂಪನಿ 1988ರಲ್ಲಿ ತಂದ ಈಗಲ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಉಚಿತ ಆವೃತ್ತಿಯಲ್ಲಿ 100 ಮಿ.ಮೀ. ಉದ್ದ, 80 ಮಿ.ಮೀ. ಅಗಲದೊಳಗೆ ಎರಡು ಪದರದ ಬೋರ್ಡು ಮಾಡಬಹುದಿತ್ತು. ವಿದ್ಯಾರ್ಥಿಗಳಿಗೆ, ಹವ್ಯಾಸಿಗಳಿಗೆ ಅಷ್ಟು ಧಾರಾಳವಾಗಿ ಸಾಕು. ಆರ್ಡುಯಿನೊ ಬೋರ್ಡುಗಳ ನಕ್ಷೆಗಳು ಜಗತ್ತಿಗೆ ಹಂಚಿಕೆಯಾದದ್ದೂ ಈಗಲ್ ಫೈಲುಗಳಲ್ಲೇ. 2009ರಲ್ಲಿ ಈಗಲ್ ಫಾರ್ನೆಲ್ ಸಮೂಹದ ಕೈಸೇರಿತು, 2016ರಲ್ಲಿ ಆಟೋಡೆಸ್ಕ್ ಪಾಲಾಯಿತು. ಮರುವರ್ಷ ಒಮ್ಮೆ ಕೊಂಡು ಇಟ್ಟುಕೊಳ್ಳುವ ಪದ್ಧತಿ ಹೋಗಿ ಚಂದಾ ಪದ್ಧತಿ ಬಂತು. 2026ರ ಜೂನ್ 7ಕ್ಕೆ ಈಗಲ್ ನಿಲ್ಲಲಿದೆ ಎಂದು 2023ರಲ್ಲಿ ಕಂಪನಿಯೇ ಘೋಷಿಸಿತು.

ನಮ್ಮ ಪ್ರಯೋಗಾಲಯದಲ್ಲಿ ಹಿಂದಿನ ಸಂಶೋಧಕರು ಬಿಟ್ಟುಹೋದ ನಕ್ಷೆಗಳೆಲ್ಲ ಈಗಲ್‌ನವು. ನನ್ನ ಪ್ರಬಂಧದ ಅಳತೆ ಉಪಕರಣ ನಿಂತಿರುವುದೇ ಅವುಗಳ ಮೇಲೆ. ಹಾಗಾಗಿ ಯಾವ ಸಾಫ್ಟ್‌ವೇರ್ ಆರಿಸಬೇಕೆಂಬುದು ನನಗೆ ಸೌಲಭ್ಯಗಳ ಪಟ್ಟಿ ನೋಡಿ ತೀರ್ಮಾನಿಸುವ ವಿಷಯವಾಗಿ ಉಳಿದಿರಲಿಲ್ಲ. "ಕಂಪನಿಗಳಲ್ಲಿ ಕೇಳೋದು ಆಲ್ಟಿಯಂ ಕಣೋ, ಅದನ್ನೇ ಕಲಿ," ಎಂದರು ಸೀನಿಯರ್ ಒಬ್ಬರು. ಕೆಲಸ ಹುಡುಕುವವನಿಗೆ ಅದು ಸರಿಯಾದ ಮಾತೇ. ಲೈಸೆನ್ಸಿಗೆ ದುಡ್ಡು ಯಾರು ಕೊಡುತ್ತಾರೆ ಎಂಬುದು ಬೇರೆ ಪ್ರಶ್ನೆ.

ನಾನು ಆರಿಸಿದ್ದು ಕೀಕ್ಯಾಡ್. ಫ್ರಾನ್ಸಿನ ಗ್ರೆನೋಬ್ಲ್‌ನ ಝಾಂ ಪಿಯೆರ್ ಶಾರಾ 1992ರಲ್ಲಿ ಶುರುಮಾಡಿದ ಮುಕ್ತ ತಂತ್ರಾಂಶ ಇದು. ಬಹುಕಾಲ ಇದನ್ನು ವೃತ್ತಿಪರರು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಇದರ ದೆಸೆ ತಿರುಗಿಸಿದ್ದು ಜಿನೀವಾದ ಸರ್ನ್. ತಾನು ರೂಪಿಸಿದ ಹಾರ್ಡ್‌ವೇರ್ ನಕ್ಷೆಗಳನ್ನು ಸರ್ನ್ ಎಲ್ಲರಿಗೂ ಹಂಚುತ್ತಿತ್ತು. ಆದರೆ ಅವನ್ನು ತೆರೆಯಲು ದುಬಾರಿ ಸಾಫ್ಟ್‌ವೇರ್ ಬೇಕೆಂದಾದರೆ ಹಂಚಿ ಏನು ಬಂತು? 2013ರ ಹೊತ್ತಿಗೆ ಅಲ್ಲಿನ ಎಂಜಿನಿಯರುಗಳೇ ಕೀಕ್ಯಾಡಿಗೆ ಕೋಡ್ ಬರೆಯತೊಡಗಿದರು. ಹೊಸ ಗೆರೆ ಎಳೆಯುವಾಗ ಹಳೆಯ ಗೆರೆಗಳು ತಾವಾಗಿ ಪಕ್ಕಕ್ಕೆ ಸರಿದು ದಾರಿ ಬಿಡುವ ಸೌಕರ್ಯ ಅವರ ಕೊಡುಗೆ. ಬಳಸಿದವರಿಗೇ ಗೊತ್ತು ಅದರ ಸುಖ.

2018ರಲ್ಲಿ ಬಂದ ಕೀಕ್ಯಾಡಿನ 5ನೇ ಆವೃತ್ತಿ ಈಗಲ್ ಫೈಲುಗಳನ್ನು ಓದಲು ಕಲಿಯಿತು. ಇದರಲ್ಲಿ ಕ್ಯಾಡ್‌ಸಾಫ್ಟ್‌ನವರ ಪುಣ್ಯವೂ ಇದೆ ಎನ್ನಬೇಕು. ಈಗಲ್‌ನ 6ನೇ ಆವೃತ್ತಿಯಲ್ಲೇ ಅವರು ಫೈಲನ್ನು ಓದಬಲ್ಲ ಪಠ್ಯವಾಗಿ, ಎಕ್ಸ್‌ಎಂಎಲ್ ರೂಪದಲ್ಲಿ ಇಟ್ಟಿದ್ದರು. ಕಂಪನಿ ಕೈ ಬದಲಾದರೂ ಆ ಬಾಗಿಲು ತೆರೆದೇ ಇತ್ತು.

ನಮ್ಮ ಹಳೆಯ ನಕ್ಷೆಗಳು ಅದರ ಮೂಲಕವೇ ದಾಟಿ ಬಂದವು. ಕೆಲವು ಬಿಡಿಭಾಗಗಳ ಹೆಸರುಗಳು ಜಾಗ ತಪ್ಪಿ ಒಂದರ ಮೇಲೊಂದು ಕೂತಿದ್ದವು. ಒಂದು ಸಂಜೆಯಲ್ಲಿ ಸರಿಪಡಿಸಿದೆ.