ಅಂಗವೈಕಲ್ಯ ಪರಿಹಾರದ ವ್ಯಾಜ್ಯಗಳು: ಜಮಖಂಡಿ–ಮುಧೋಳ ಸೀಮೆ

ದುಡಿಮೆಯಲ್ಲಿ ಗಾಯಗೊಂಡವರು ಪರಿಹಾರ ಸಿಗದಾಗ ಕಾರ್ಮಿಕ ಪರಿಹಾರ ಆಯುಕ್ತರ ಮುಂದೆ ಹೋಗುವ ದಾರಿ ಭಾರತದಲ್ಲಿ ತೆರೆದದ್ದು 1923ರ ಕಾರ್ಮಿಕರ ಪರಿಹಾರ ಕಾಯ್ದೆಯಿಂದ. ಅದು 1924ರ ಜುಲೈ 1ರಂದು ಜಾರಿಗೆ ಬಂದಾಗ ನೆರೆಯ ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಜಮಖಂಡಿ ಪಟವರ್ಧನರ, ಮುಧೋಳ ಘೋರ್ಪಡೆಯವರ ಸಂಸ್ಥಾನ. ಬ್ರಿಟಿಷ್ ಭಾರತದ ಕಾಯ್ದೆ ಸಂಸ್ಥಾನಗಳಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ಅವು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದದ್ದು 1948ರಲ್ಲಿ.

ಜಗಳವೆಲ್ಲ ಶೇಕಡಾವಾರಿನದು. ವೈದ್ಯರು ಬರೆಯುವುದು ದೇಹದ ಊನ. ಕಾನೂನು ಕೇಳುವುದು ದುಡಿಮೆ ಎಷ್ಟು ಹೋಯಿತೆಂದು. ಬಡಗಿಯೊಬ್ಬ ಎಡಗೈ ಕಳೆದುಕೊಂಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1975ರಲ್ಲೇ ಅವನ ನಷ್ಟ ಪೂರ್ತಿ ನೂರಕ್ಕೆ ನೂರು ಎಂದಿತು. 2010ರಲ್ಲಿ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಇದನ್ನು ಇನ್ನಷ್ಟು ಬಿಡಿಸಿ ಹೇಳಿದರು: ಅದೇ ಊನ ಚಾಲಕನ ಅನ್ನ ಕಸಿಯಬಹುದು, ಗುಮಾಸ್ತನ ನೌಕರಿ ಉಳಿಯಬಹುದು. 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯುವ ತಿಂಗಳ ಕೂಲಿಯ ಮಿತಿ 15,000 ರೂಪಾಯಿ. ಆ ಲೆಕ್ಕದಲ್ಲಿ 30 ವರ್ಷದವನಿಗೆ ಶೇ. 100 ನಷ್ಟವಾದರೆ 18,71,820 ರೂಪಾಯಿ, ಶೇ. 30 ಎಂದರೆ 5,61,546. ವಿಮಾ ಕಂಪನಿಗಳು ಒಂದೊಂದು ಅಂಕಿಗೂ ಯಾಕೆ ಸೆಣಸುತ್ತವೆ ಎಂಬುದು ಇಲ್ಲೇ ತಿಳಿಯುತ್ತದೆ.

ಕಬ್ಬಿನ ಸೀಮೆಯಲ್ಲಿ ಟ್ರ್ಯಾಕ್ಟರ್ ಉರುಳಿದರೆ ದಾರಿ ಎರಡು. 1988ರ ಮೋಟಾರು ವಾಹನ ಕಾಯ್ದೆಯ 167ನೇ ಕಲಮು ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಲು ಹೇಳುತ್ತದೆ: ಅಪಘಾತ ಪರಿಹಾರ ನ್ಯಾಯಮಂಡಳಿ, ಇಲ್ಲವೇ ಕಾರ್ಮಿಕ ಪರಿಹಾರ. ಚಾಲಕನಿಗೆ ಲೈಸೆನ್ಸ್ ಇರಲಿಲ್ಲ, ಟ್ರೇಲರಿನಲ್ಲಿ ಕೂತ ಕೂಲಿಗೆ ಪಾಲಿಸಿ ಅನ್ವಯಿಸದು ಎಂಬವು ವಿಮೆಯವರ ಮಾಮೂಲಿ ವಾದಗಳು.

ರಬಕವಿ-ಬನಹಟ್ಟಿಯ ಮಗ್ಗಗಳ ಪಾಡು ಬೇರೆ. ಸ್ವಂತ ಪವರ್‌ಲೂಮಿನಲ್ಲಿ ಬೆರಳು ಕಳೆದುಕೊಂಡ ನೇಕಾರ ಯಾರ ಮೇಲೆ ದಾವೆ ಹೂಡಬೇಕು? ಮಾಲೀಕನಿಲ್ಲದಿದ್ದರೆ ಕಾರ್ಮಿಕ ಪರಿಹಾರದ ಹಕ್ಕೂ ಇಲ್ಲ. ಮಜೂರಿಗೆ ನೇಯುವವನೂ ಮೊದಲು ತಾನು ಕೆಲಸಗಾರನೆಂದು ರುಜುವಾತುಪಡಿಸಬೇಕು.

ಮೇಲ್ಮನವಿ ಹೈಕೋರ್ಟಿಗೆ. 2008ರ ಜುಲೈವರೆಗೆ ಅದಕ್ಕೆ ಬೆಂಗಳೂರಿಗೇ ಹೋಗಬೇಕಿತ್ತು. ಆಗ ಧಾರವಾಡದಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಆದೇಶದ ಮೊತ್ತವನ್ನು ಠೇವಣಿ ಇಡದೆ ಮಾಲೀಕ ಮೇಲ್ಮನವಿ ಸಲ್ಲಿಸುವಂತಿಲ್ಲ. ಬಡವನ ಪಾಲಿಗೆ ಕಾಯ್ದೆಯ ಅತ್ಯಂತ ಉಪಯುಕ್ತ ಮಾತು ಇದೇ ಇರಬೇಕು. ಹೈಕೋರ್ಟಿನಲ್ಲಿ ವಿಚಾರಣೆಗೆ ಬರುವುದು ಗಣನೀಯ ಕಾನೂನಿನ ಪ್ರಶ್ನೆ ಮಾತ್ರ. ಕರ್ನಾಟಕದಿಂದಲೇ ಹೋದ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟು, ಸಂಗತಿಗಳ ವಿಷಯದಲ್ಲಿ ಆಯುಕ್ತರ ತೀರ್ಮಾನವೇ ಕೊನೆಯದು ಎಂದು ಹೇಳಿ, ಹೈಕೋರ್ಟಿನ ಆದೇಶವನ್ನು ಬದಿಗಿರಿಸಿತು. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು 1923ರ ಹಳೆಯ ಕಾಯ್ದೆಯ ಜಾಗ ಹಿಡಿಯಿತು.