ತೋಟಾ ಮರುಭರ್ತಿ (ಪಿಸ್ತೂಲು ಸ್ಪರ್ಧೆ)

ತೋಟಾ ಮರುಭರ್ತಿ ಎಂದರೆ ಒಮ್ಮೆ ಹಾರಿಸಿ ಖಾಲಿಯಾದ ಹಿತ್ತಾಳೆಯ ಕೇಸನ್ನು ಬಿಸಾಡದೆ, ಅದಕ್ಕೆ ಹೊಸ ಪ್ರೈಮರ್, ಹೊಸ ಮದ್ದು ಮತ್ತು ಹೊಸ ಗುಂಡನ್ನು ಸೇರಿಸಿ ಪುನಃ ಬಳಕೆಗೆ ಯೋಗ್ಯವಾದ ತೋಟಾವನ್ನು ಸಿದ್ಧಪಡಿಸುವ ಕೆಲಸ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪಿಸ್ತೂಲು ಸ್ಪರ್ಧೆಗಳಲ್ಲಿ ಭಾಗವಹಿಸುವ ಅನೇಕರು ತಮಗೆ ಬೇಕಾದ ತೋಟಾಗಳನ್ನು ಮನೆಯಲ್ಲಿಯೇ ಹೀಗೆ ತಯಾರಿಸಿಕೊಳ್ಳುತ್ತಾರೆ. ಈ ಲೇಖನವು ಮುಖ್ಯವಾಗಿ ಅಲ್ಲಿನ ಪದ್ಧತಿಯನ್ನು, ಅದರಲ್ಲಿಯೂ ಹೊಸದಾಗಿ ಆರಂಭಿಸುವವರು ತಿಳಿದಿರಬೇಕಾದ ಸಂಗತಿಗಳನ್ನು ವಿವರಿಸುತ್ತದೆ. ಭಾರತದಲ್ಲಿ ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು ಶಿಕ್ಷಾರ್ಹ ಅಪರಾಧವಾಗಿದೆ.

ತೋಟಾದ ಅಂಗಗಳು

ತೋಟಾದಲ್ಲಿ ನಾಲ್ಕು ಅಂಗಗಳಿವೆ: ಹಿತ್ತಾಳೆಯ ಕೇಸ್, ಅದರ ತಳದಲ್ಲಿ ಕೂರುವ ಪ್ರೈಮರ್, ಒಳಗಿನ ಹೊಗೆರಹಿತ ಮದ್ದು ಮತ್ತು ಬಾಯಿಯಲ್ಲಿ ಕೂರುವ ಗುಂಡು. ಆಡುಮಾತಿನಲ್ಲಿ ಇಡೀ ತೋಟಾವನ್ನೇ ಗುಂಡು ಎನ್ನುವ ರೂಢಿಯಿದ್ದರೂ, ಮರುಭರ್ತಿಯ ವಿಷಯದಲ್ಲಿ ಈ ವ್ಯತ್ಯಾಸವನ್ನು ಕಾಯ್ದುಕೊಳ್ಳುವುದು ಅಗತ್ಯ. ಪ್ರೈಮರ್ ಎಂಬುದು ಮಲೆನಾಡಿನವರು ಬಲ್ಲ ಹಳೆಯ ಕೋವಿಯ ಕೇಪಿನ ವಂಶಕ್ಕೆ ಸೇರಿದ್ದು. ಪಿಸ್ತೂಲಿನ ಸೂಜಿ ಬಡಿದಾಗ ಅದು ಸಿಡಿದು ಮದ್ದಿಗೆ ಬೆಂಕಿ ತಾಗಿಸುತ್ತದೆ. ಮದ್ದು ಉರಿದು ಉಂಟಾಗುವ ಅನಿಲದ ಒತ್ತಡವು ಗುಂಡನ್ನು ನಳಿಗೆಯ ಮೂಲಕ ಹೊರದೂಡುತ್ತದೆ.

ಒಂದು ಸಲ ಹಾರಿಸಿದ ಮೇಲೆ ಗುಂಡು, ಮದ್ದು, ಪ್ರೈಮರ್ ಮೂರೂ ಮುಗಿದುಹೋಗುತ್ತವೆ. ಕೇಸ್ ಮಾತ್ರ ಉಳಿಯುತ್ತದೆ. ನಾಲ್ಕರಲ್ಲಿ ಸಾಮಾನ್ಯವಾಗಿ ಹೆಚ್ಚು ಬೆಲೆಯದು ಅದೇ ಆಗಿರುವುದರಿಂದ ಮರುಭರ್ತಿಗೆ ಆರ್ಥಿಕ ಅರ್ಥ ಬರುತ್ತದೆ. ಪಿಸ್ತೂಲಿನ ಕೇಸುಗಳು ಬಿರುಕು ಬಿಡುವವರೆಗೆ ಅನೇಕ ಬಾರಿ ಬಳಕೆಗೆ ಬರುತ್ತವೆ.

ಪ್ರೈಮರ್‌ಗಳಲ್ಲಿ ಬಾಕ್ಸರ್ ಮತ್ತು ಬರ್ಡನ್ ಎಂಬ ಎರಡು ಬಗೆಗಳಿವೆ. ಬಾಕ್ಸರ್ ಬಗೆಯಲ್ಲಿ ಪುಟ್ಟ ಅಡಿಗಲ್ಲು ಪ್ರೈಮರ್‌ನ ಒಳಗೇ ಇದ್ದು, ಕೇಸಿನ ತಳದ ನಡುವೆ ಒಂದೇ ರಂಧ್ರವಿರುತ್ತದೆ. ಆದ್ದರಿಂದ ಒಂದು ಸೂಜಿಯಿಂದ ಹಳೆಯ ಪ್ರೈಮರನ್ನು ಸುಲಭವಾಗಿ ತಳ್ಳಿ ತೆಗೆಯಬಹುದು. ಬರ್ಡನ್ ಬಗೆಯಲ್ಲಿ ಅಡಿಗಲ್ಲು ಕೇಸಿನ ಭಾಗವಾಗಿದ್ದು, ರಂಧ್ರಗಳು ಅದರ ಪಕ್ಕಗಳಲ್ಲಿರುತ್ತವೆ. ಮನೆಯ ಮರುಭರ್ತಿಗೆ ಅದು ಒಗ್ಗುವುದಿಲ್ಲ. ಬಾಕ್ಸರ್ ಇಂಗ್ಲೆಂಡಿನ ಸೇನಾಧಿಕಾರಿ, ಬರ್ಡನ್ ಅಮೆರಿಕದವನು. ಆದರೆ ಇಂಗ್ಲಿಷನ ಪ್ರೈಮರ್ ಅಮೆರಿಕದಲ್ಲಿಯೂ ಅಮೆರಿಕನ್ನನ ಪ್ರೈಮರ್ ಯುರೋಪಿನಲ್ಲಿಯೂ ನೆಲೆಯೂರಿದ್ದು ಇತಿಹಾಸದ ಒಂದು ತಮಾಷೆ. ಮರುಭರ್ತಿಯ ಹವ್ಯಾಸ ಅಮೆರಿಕದಲ್ಲಿ ಅಷ್ಟು ಬೆಳೆಯಲು ಇದೂ ಒಂದು ಕಾರಣ.

ಹಿನ್ನೆಲೆ

ಲೋಹದ ಕೇಸುಳ್ಳ ತೋಟಾ ಬಳಕೆಗೆ ಬಂದ 19ನೇ ಶತಮಾನದಲ್ಲಿಯೇ ಮರುಭರ್ತಿಯೂ ಆರಂಭವಾಯಿತು. ಅಮೆರಿಕದ ಗಡಿನಾಡುಗಳಲ್ಲಿ ಅಂಗಡಿ ದೂರ, ತೋಟಾ ದುಬಾರಿ. ಬೇಟೆಗಾರರು ಇಕ್ಕುಳದಂತಹ ಕೈಸಾಧನಗಳಿಂದ ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಿದ್ದರು. 20ನೇ ಶತಮಾನದ ನಡುಭಾಗದಲ್ಲಿ ಆರ್‌ಸಿಬಿಎಸ್, ಹಾರ್ನಡಿ, ಲೀ ಮೊದಲಾದ ಸಂಸ್ಥೆಗಳು ಸಾಮಾನ್ಯರ ಕೈಗೆಟಕುವ ಸಲಕರಣೆಗಳನ್ನು ಮಾರುಕಟ್ಟೆಗೆ ತಂದವು. 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯದಲ್ಲಿ ಅಂತರರಾಷ್ಟ್ರೀಯ ಪ್ರಾಯೋಗಿಕ ಶೂಟಿಂಗ್ ಒಕ್ಕೂಟ (ಐಪಿಎಸ್‌ಸಿ) ಸ್ಥಾಪನೆಯಾಯಿತು. ಓಡುತ್ತ, ತಿರುಗುತ್ತ, ಅನೇಕ ಗುರಿಗಳಿಗೆ ವೇಗವಾಗಿ ಹೊಡೆಯುವ ಈ ಆಟಕ್ಕೆ ತೋಟಾಗಳು ರಾಶಿರಾಶಿಯಾಗಿ ಬೇಕು. ಸನ್ನೆಯನ್ನು ಒಮ್ಮೆ ಎಳೆದಾಗಲೆಲ್ಲ ಒಂದು ಪೂರ್ಣ ತೋಟಾವನ್ನು ಕೊಡುವ ಪ್ರೋಗ್ರೆಸಿವ್ ಪ್ರೆಸ್‌ಗಳು, ಮುಖ್ಯವಾಗಿ ಡಿಲ್ಲನ್ ಸಂಸ್ಥೆಯವು, ಈ ಆಟಗಾರರ ನಡುವೆ ಮನೆಮಾತಾದವು.

ಸ್ಪರ್ಧಾಳುಗಳು ಮರುಭರ್ತಿ ಮಾಡುವುದೇಕೆ?

ಹಣದ ಉಳಿತಾಯವೆಂಬುದು ಎಲ್ಲರೂ ಮೊದಲು ಹೇಳುವ ಕಾರಣ. ಆದರೆ ಪ್ರತಿ ತೋಟಾದ ಖರ್ಚು ಇಳಿದಾಗ ಅಭ್ಯಾಸ ಹೆಚ್ಚುತ್ತದೆಯೇ ಹೊರತು ಒಟ್ಟು ಖರ್ಚು ಇಳಿಯುವುದು ಅಪರೂಪ. ಈ ಹವ್ಯಾಸದವರು ತಮ್ಮನ್ನೇ ನಗೆಯಾಡಿಕೊಳ್ಳುವುದು ಇದೇ ವಿಷಯದಲ್ಲಿ. 2020ರಿಂದ ಕೆಲವು ವರ್ಷ ಅಮೆರಿಕದಲ್ಲಿ ಪ್ರೈಮರ್‌ಗಳ ಅಭಾವ ತಲೆದೋರಿದಾಗ ಉಳಿತಾಯದ ಲೆಕ್ಕ ಇನ್ನಷ್ಟು ಸಡಿಲವಾಯಿತು.

ಇದಕ್ಕಿಂತ ಗಟ್ಟಿಯಾದ ಕಾರಣ ಸ್ಪರ್ಧೆಯ ನಿಯಮದಲ್ಲಿಯೇ ಇದೆ. ಐಪಿಎಸ್‌ಸಿ ಮತ್ತು ಅದರ ಅಮೆರಿಕದ ಶಾಖೆಯಾಗಿ ಬೆಳೆದ ಯುಎಸ್‌ಪಿಎಸ್‌ಎ ನಡೆಸುವ ಪಂದ್ಯಗಳಲ್ಲಿ ತೋಟಾದ ಬಲವನ್ನು ‘ಪವರ್ ಫ್ಯಾಕ್ಟರ್’ ಎಂಬ ಅಂಕದಿಂದ ಅಳೆಯುತ್ತಾರೆ. ಗುಂಡಿನ ತೂಕವನ್ನು ಗ್ರೇನ್‌ಗಳಲ್ಲಿಯೂ ವೇಗವನ್ನು ಸೆಕೆಂಡಿಗೆ ಅಡಿಗಳಲ್ಲಿಯೂ ತೆಗೆದುಕೊಂಡು, ಎರಡನ್ನೂ ಗುಣಿಸಿ 1000ದಿಂದ ಭಾಗಿಸಿದರೆ ಅದು ದೊರೆಯುತ್ತದೆ. ಒಂದು ಗ್ರೇನ್ ಎಂದರೆ ಸುಮಾರು 64.8 ಮಿಲಿಗ್ರಾಂ. ಉದಾಹರಣೆಗೆ, 124 ಗ್ರೇನ್ ತೂಕದ ಗುಂಡು ಸೆಕೆಂಡಿಗೆ 1050 ಅಡಿ ವೇಗದಲ್ಲಿ ಹೋದರೆ ಅದರ ಪವರ್ ಫ್ಯಾಕ್ಟರ್ 130.2. ಸ್ಪರ್ಧೆಗೆ ಅರ್ಹವಾಗಲು ಕನಿಷ್ಠ 125 ಇರಬೇಕು. ಇದನ್ನು ‘ಮೈನರ್’ ಎನ್ನುತ್ತಾರೆ. ಯುಎಸ್‌ಪಿಎಸ್‌ಎ ನಿಯಮದಂತೆ 165 ಅಥವಾ ಅದಕ್ಕಿಂತ ಹೆಚ್ಚಿದ್ದರೆ ‘ಮೇಜರ್’. ಮೇಜರ್ ಬಲಕ್ಕೆ ಅವಕಾಶವಿರುವ ವಿಭಾಗಗಳಲ್ಲಿ ಗುರಿಯ ನಡುವಲಯಕ್ಕೆ ಬಿದ್ದ ಹೊಡೆತಕ್ಕೆ ಇಬ್ಬರಿಗೂ 5 ಅಂಕಗಳೇ. ಹೊರವಲಯಗಳಲ್ಲಿ ಮಾತ್ರ ಮೇಜರ್‌ಗೆ 4 ಮತ್ತು 2, ಮೈನರ್‌ಗೆ 3 ಮತ್ತು 1.

ದೊಡ್ಡ ಪಂದ್ಯಗಳಲ್ಲಿ ಅಧಿಕಾರಿಗಳು ಪ್ರತಿ ಸ್ಪರ್ಧಾಳುವಿನ ತೋಟಾಗಳಲ್ಲಿ ಕೆಲವನ್ನು ತೆಗೆದುಕೊಂಡು, ಗುಂಡನ್ನು ತೂಗಿ, ವೇಗಮಾಪಕದ ಮುಂದೆ ಹಾರಿಸಿ ಪರೀಕ್ಷಿಸುತ್ತಾರೆ. 125ಕ್ಕಿಂತ ಕೆಳಗಿಳಿದವನು ಆಟ ಮುಂದುವರಿಸಬಹುದು, ಆದರೆ ಅವನ ಅಂಕಗಳು ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು ಕಡೆ, ಬಲ ಹೆಚ್ಚಿದಷ್ಟೂ ಪಿಸ್ತೂಲಿನ ಒದೆತ ಹೆಚ್ಚಿ ಮುಂದಿನ ಗುರಿಗೆ ಕೈ ಹೊರಳಿಸುವುದು ತಡವಾಗುತ್ತದೆ. ಅಂಗಡಿಯ ತೋಟಾಗಳು ಅನೇಕ ವೇಳೆ ಈ ಕನಿಷ್ಠ ಮಟ್ಟಕ್ಕಿಂತ ಸಾಕಷ್ಟು ಮೇಲಿರುತ್ತವೆ. ತನ್ನ ಪಿಸ್ತೂಲಿಗೆ ಹೊಂದುವಂತೆ, ಗೆರೆಗಿಂತ ತುಸುವೇ ಮೇಲೆ ನಿಲ್ಲುವ ಮೆತ್ತನೆಯ ತೋಟಾವನ್ನು ಮರುಭರ್ತಿಯವನು ಮಾಡಿಕೊಳ್ಳಬಲ್ಲನು. 147 ಗ್ರೇನ್‌ನ ಭಾರವಾದ ಗುಂಡನ್ನು ಸೆಕೆಂಡಿಗೆ 880 ಅಡಿ ವೇಗದಲ್ಲಿ ಹಾರಿಸಿದರೂ ಪವರ್ ಫ್ಯಾಕ್ಟರ್ 129ರ ಮೇಲಿರುತ್ತದೆ. ಅದರ ಒದೆತ ಮೆತ್ತಗಿರುವುದೆಂದು ಅನೇಕ ಸ್ಪರ್ಧಾಳುಗಳು ಅದನ್ನೇ ಮೆಚ್ಚುತ್ತಾರೆ. ಹವಾಮಾನದ ಉಷ್ಣತೆ ಬದಲಾದಂತೆ ವೇಗವೂ ಬದಲಾಗುವುದರಿಂದ, ಸರಿಯಾಗಿ 125ಕ್ಕೇ ನಿಲ್ಲಿಸುವುದು ಜಾಣತನವಲ್ಲ.

ಸಲಕರಣೆಗಳು

ಮರುಭರ್ತಿಯ ಮುಖ್ಯ ಯಂತ್ರ ಪ್ರೆಸ್. ಒಂದೇ ಅಚ್ಚನ್ನು ಹಿಡಿಯುವ ಸಿಂಗಲ್ ಸ್ಟೇಜ್ ಪ್ರೆಸ್, ಅಚ್ಚುಗಳನ್ನು ತಿರುಗಿಸಿಕೊಳ್ಳುವ ಟರೆಟ್ ಪ್ರೆಸ್ ಮತ್ತು ಎಲ್ಲ ಹಂತಗಳೂ ಏಕಕಾಲಕ್ಕೆ ನಡೆಯುವ ಪ್ರೋಗ್ರೆಸಿವ್ ಪ್ರೆಸ್ ಎಂದು ಇದರಲ್ಲಿ ಮೂರು ಬಗೆ. ಸ್ಪರ್ಧಾಳುವಿಗೆ ಕೊನೆಗೆ ಬೇಕಾಗುವುದು ಪ್ರೋಗ್ರೆಸಿವ್ ಪ್ರೆಸ್ಸೇ. ಆದರೂ ಮೊದಲ ಕೆಲವು ನೂರು ತೋಟಾಗಳನ್ನು ಒಂದೊಂದೇ ಹಂತವಾಗಿ ಮಾಡಿದವನಿಗೆ ಪ್ರತಿ ಹಂತದಲ್ಲಿ ಏನು ನಡೆಯುತ್ತದೆ, ಏನು ತಪ್ಪಬಹುದು ಎಂಬುದು ಕೈಗೆ ತಿಳಿದಿರುತ್ತದೆ. ಪ್ರೋಗ್ರೆಸಿವ್ ಪ್ರೆಸ್‌ನಲ್ಲಿ ಒಮ್ಮೆಲೇ ನಾಲ್ಕೈದು ಕಡೆ ಕಣ್ಣಿಡಬೇಕಾಗುವುದು ಹೊಸಬನಿಗೆ ಭಾರವೇ ಸರಿ.

ತೋಟಾದ ಅಳತೆಗೆ ತಕ್ಕ ಅಚ್ಚುಗಳು, ಮದ್ದನ್ನು ಅಳೆದು ಸುರಿಯುವ ಮಾಪಕ, ಉದ್ದ ನೋಡಲು ಕ್ಯಾಲಿಪರ್, ಕೇಸು ತೊಳೆಯುವ ಅಥವಾ ಉಜ್ಜುವ ಡ್ರಮ್ ಇವೂ ಬೇಕು. ಅಚ್ಚಿನ ಒಳಬಳೆ ಕಾರ್ಬೈಡ್‌ನದಾಗಿದ್ದರೆ ಪಿಸ್ತೂಲಿನ ಕೇಸುಗಳಿಗೆ ಎಣ್ಣೆ ಸವರುವ ಅಗತ್ಯವಿಲ್ಲ. ತೂಕದ ತಕ್ಕಡಿಯಲ್ಲಿ ಮಾತ್ರ ಜಿಪುಣತನ ಸಲ್ಲದು: ಅದು ಒಂದು ಗ್ರೇನ್‌ನ ಹತ್ತನೇ ಒಂದು ಭಾಗವನ್ನು, ಅಂದರೆ ಸುಮಾರು 6.5 ಮಿಲಿಗ್ರಾಂ ಅನ್ನು ತೋರಿಸಬೇಕು. ಪರೀಕ್ಷಾ ತೂಕದ ಬಟ್ಟುಗಳಿಂದ ಅದನ್ನು ಕೆಲಸಕ್ಕೆ ಮೊದಲು ಪ್ರತಿಸಲವೂ ಪರಿಶೀಲಿಸಬೇಕು.

ಇವೆಲ್ಲಕ್ಕೂ ಮೊದಲು ಕೊಳ್ಳಬೇಕಾದುದು ಮರುಭರ್ತಿಯ ಕೈಪಿಡಿ. ಯಾವ ಗುಂಡಿಗೆ ಯಾವ ಮದ್ದು ಎಷ್ಟು ಎಂಬ ಕೋಷ್ಟಕಗಳನ್ನು ಗುಂಡು ಮತ್ತು ಮದ್ದಿನ ತಯಾರಕರು ಪ್ರಯೋಗಾಲಯದಲ್ಲಿ ಒತ್ತಡ ಅಳೆದು ಪ್ರಕಟಿಸಿರುತ್ತಾರೆ. ಅವುಗಳಲ್ಲಿ ಆರಂಭದ ಪ್ರಮಾಣ, ಗರಿಷ್ಠ ಪ್ರಮಾಣ ಎಂದು ಎರಡು ಇರುತ್ತವೆ. ಆರಂಭದ ಪ್ರಮಾಣದಿಂದ ತೊಡಗಿ ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಪರೀಕ್ಷಿಸುವುದೇ ಒಪ್ಪಿತ ಕ್ರಮ. ಗೆಳೆಯರ ಬಾಯಿಮಾತಿನ ಪ್ರಮಾಣಗಳನ್ನು ಕೈಪಿಡಿಯಲ್ಲಿ ನೋಡದೆ ಬಳಸಬಾರದು.

ಕೆಲಸದ ಕ್ರಮ

ಮೊದಲು ಖಾಲಿ ಕೇಸುಗಳನ್ನು ಶುಚಿಗೊಳಿಸಿ, ಬಿರುಕು ಬಿಟ್ಟವುಗಳನ್ನೂ ಬೇರೆ ಅಳತೆಯವುಗಳನ್ನೂ ಆರಿಸಿ ತೆಗೆಯಲಾಗುತ್ತದೆ. ಹಾರಿಸಿದಾಗ ಕೇಸು ಉಬ್ಬಿರುತ್ತದೆ. ಮೊದಲನೆಯ ಅಚ್ಚು ಅದನ್ನು ಒತ್ತಿ ಮೊದಲಿನ ಅಳತೆಗೆ ತರುತ್ತದೆ ಮತ್ತು ಹಳೆಯ ಪ್ರೈಮರನ್ನು ಹೊರದಬ್ಬುತ್ತದೆ. ಬಳಿಕ ಹೊಸ ಪ್ರೈಮರನ್ನು ತಳಕ್ಕೆ ಸಮನಾಗಿ ಅಥವಾ ಕೂದಲೆಳೆಯಷ್ಟು ಒಳಗೆ ಕೂರಿಸುತ್ತಾರೆ. ಅದು ಹೊರಚಾಚಿದರೆ ರಿವಾಲ್ವರಿನ ಗಾಲಿ ತಿರುಗದೆ ನಿಲ್ಲಬಹುದು, ಇಲ್ಲವೆ ಸೂಜಿಯ ಮೊದಲ ಪೆಟ್ಟಿಗೆ ಸಿಡಿಯದೆ ಹೋಗಬಹುದು. ಎರಡನೆಯ ಅಚ್ಚು ಕೇಸಿನ ಬಾಯನ್ನು ಗುಂಡು ಕೂರುವಷ್ಟು ಮಾತ್ರ ಅಗಲಿಸುತ್ತದೆ. ಅನಂತರ ಅಳೆದ ಮದ್ದು ಬೀಳುತ್ತದೆ. ಮೂರನೆಯ ಅಚ್ಚು ಗುಂಡನ್ನು ನಿಗದಿತ ಆಳಕ್ಕೆ ಒತ್ತುತ್ತದೆ. ಕೊನೆಯದು ಅಗಲಿಸಿದ ಬಾಯನ್ನು ಮರಳಿ ಮುಚ್ಚುತ್ತದೆ.

ಕೊನೆಯ ಎರಡು ಹಂತಗಳಲ್ಲಿ ಹೊಸಬರು ಎಡವುವುದು ಹೆಚ್ಚು. 9 ಮಿ.ಮೀ. ತೋಟಾದ ಒಳಜಾಗ ಬಹಳ ಕಿರಿದು. ಗುಂಡನ್ನು ಬೇಕಾದುದಕ್ಕಿಂತ ಆಳಕ್ಕೆ ತಳ್ಳಿದರೆ, ಮದ್ದಿನ ಪ್ರಮಾಣ ಅಷ್ಟೇ ಇದ್ದರೂ ಒತ್ತಡ ತೀವ್ರವಾಗಿ ಏರುತ್ತದೆ. ಬಾಯಿಯ ಹಿಡಿತ ಸಡಿಲವಾಗಿದ್ದರೆ ಪಿಸ್ತೂಲಿನೊಳಗೆ ಹೋಗುವಾಗಲೇ ಗುಂಡು ಹಿಂದಕ್ಕೆ ಜಾರಿ ಇದೇ ಅಪಾಯ ಉಂಟಾಗಬಹುದು. 9 ಮಿ.ಮೀ., .40 ಮತ್ತು .45 ಎಸಿಪಿ ತೋಟಾಗಳು ಚೇಂಬರಿನಲ್ಲಿ ಕೇಸಿನ ಬಾಯಿಯ ಅಂಚಿನ ಮೇಲೆ ನಿಲ್ಲುವುದರಿಂದ ಅಂಚನ್ನು ಒಳಕ್ಕೆ ಮಡಿಸಬಾರದು, ನೇರಗೊಳಿಸಿದರೆ ಸಾಕು. ಅಂಚು ಮಡಿಸುವ ಪದ್ಧತಿ .38 ಸ್ಪೆಷಲ್‌ನಂತಹ ರಿವಾಲ್ವರ್ ತೋಟಾಗಳಿಗೆ ಸೇರಿದ್ದು.

ಸಿದ್ಧವಾದ ತೋಟಾವನ್ನು ಪಿಸ್ತೂಲಿನಿಂದ ಬಿಚ್ಚಿ ತೆಗೆದ ನಳಿಗೆಯೊಳಗೆ ಬಿಡುವುದು ಸರಳವಾದ ಪರೀಕ್ಷೆ. ಅದು ಟಪ್ಪೆಂದು ಬಿದ್ದು, ಬೆರಳಿನಿಂದ ಸರಾಗವಾಗಿ ತಿರುಗಿ, ನಳಿಗೆ ಮಗುಚಿದಾಗ ತಾನಾಗಿ ಜಾರಿ ಬಂದರೆ ಅಳತೆ ಸರಿ.

ಎರಡು ದೊಡ್ಡ ತಪ್ಪುಗಳು

ಮೊದಲನೆಯದು ಒಂದೇ ಕೇಸಿಗೆ ಎರಡು ಸಲ ಮದ್ದು ಬೀಳುವುದು. ಪಿಸ್ತೂಲಿನಲ್ಲಿ ಬಳಸುವ, ಬೇಗ ಉರಿಯುವ ಕೆಲವು ಮದ್ದುಗಳು ಕೇಸಿನ ಸ್ವಲ್ಪ ಭಾಗವನ್ನಷ್ಟೇ ತುಂಬುವುದರಿಂದ ಎರಡು ಪಾಲು ಬಿದ್ದರೂ ಹೊರಚೆಲ್ಲುವುದಿಲ್ಲ. ಹೊರಗಿನಿಂದ ನೋಡಿದರೆ ತೋಟಾದಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಅಂತಹ ತೋಟಾ ಪಿಸ್ತೂಲನ್ನು ಸಿಡಿಸಿ ಹಿಡಿದವನ ಕೈಗೂ ಕಣ್ಣಿಗೂ ಹಾನಿ ಮಾಡಬಲ್ಲದು. ಆದ್ದರಿಂದಲೇ ಅನುಭವಿಗಳು ಹೊಸಬರಿಗೆ ಹೆಚ್ಚು ಜಾಗ ತುಂಬುವ, ಎರಡು ಪಾಲು ಹಾಕಿದರೆ ಉಕ್ಕಿ ಚೆಲ್ಲುವ ಮದ್ದನ್ನು ಆರಿಸಲು ಹೇಳುತ್ತಾರೆ.

ಎರಡನೆಯದು ಮದ್ದೇ ಬೀಳದಿರುವುದು. ಆಗ ಪ್ರೈಮರ್ ಒಂದೇ ಸಿಡಿದು ಗುಂಡನ್ನು ನಳಿಗೆಯ ನಡುವೆ ಸಿಕ್ಕಿಸಿ ನಿಲ್ಲಿಸುತ್ತದೆ. ಸದ್ದು ಕ್ಷೀಣವಾಗಿರುತ್ತದೆ, ಒದೆತ ಇರುವುದಿಲ್ಲ. ಅವಸರದಲ್ಲಿ ಮತ್ತೊಂದನ್ನು ಹಾರಿಸಿದರೆ ನಳಿಗೆ ಉಬ್ಬುತ್ತದೆ ಅಥವಾ ಒಡೆಯುತ್ತದೆ. ವೇಗವೇ ಮುಖ್ಯವಾದ ಪಂದ್ಯದಲ್ಲಿ ಈ ಅವಸರ ಸಹಜ. ಸದ್ದಿನ ವ್ಯತ್ಯಾಸ ಕೇಳಿದ ಕೂಡಲೇ ಅಧಿಕಾರಿ ಸ್ಪರ್ಧಾಳುವನ್ನು ತಡೆದು ನಿಲ್ಲಿಸುವುದು ಅದಕ್ಕಾಗಿಯೇ.

ಎರಡಕ್ಕೂ ಪರಿಹಾರ ಒಂದೇ: ಗುಂಡು ಕೂರಿಸುವ ಮೊದಲು ಪ್ರತಿಯೊಂದು ಕೇಸಿನೊಳಗೂ ಬೆಳಕು ಬೀಳುವಂತೆ ಮಾಡಿ ಕಣ್ಣಾರೆ ನೋಡುವುದು. ಯಂತ್ರ ತಡವರಿಸಿದಾಗ, ದೂರವಾಣಿ ಕರೆ ಬಂದಾಗ, ಯಾರಾದರೂ ಮಾತನಾಡಿಸಿದಾಗ ತಪ್ಪು ನುಸುಳುತ್ತದೆ. ಕೆಲಸ ನಿಂತರೆ ಪ್ರೆಸ್ ಮೇಲಿದ್ದ ಕೇಸುಗಳನ್ನೆಲ್ಲ ತೆಗೆದು ಮೊದಲಿನಿಂದ ಆರಂಭಿಸುವುದು ಕ್ಷೇಮ. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ ಇರಬೇಕು. ಮದ್ದನ್ನು ಅದರ ಮೂಲ ಡಬ್ಬಿಯಿಂದ ಬೇರೆಯದಕ್ಕೆ ಬದಲಾಯಿಸಬಾರದು.

ಆರೋಗ್ಯ ಮತ್ತು ಸಂಗ್ರಹ

ಹೆಚ್ಚಿನ ಪ್ರೈಮರ್‌ಗಳಲ್ಲಿ ಸೀಸದ ಸಂಯುಕ್ತವಿರುತ್ತದೆ. ಹಾರಿಸಿದ ಕೇಸುಗಳನ್ನು ಒಣ ಡ್ರಮ್ಮಿನಲ್ಲಿ ಉಜ್ಜುವಾಗ ಏಳುವ ಧೂಳಿನಲ್ಲಿ ಆ ಸೀಸ ಇರುತ್ತದೆ. ಅದು ಉಸಿರಿನಿಂದಲೂ ಕೈಯಿಂದ ಬಾಯಿಗೂ ದೇಹ ಸೇರುತ್ತದೆ. ಮಕ್ಕಳಿಗೆ ಇದು ವಿಶೇಷವಾಗಿ ಹಾನಿಕರ. ಆದ್ದರಿಂದ ಅಡುಗೆಮನೆಯಲ್ಲಿ ಅಥವಾ ಮಕ್ಕಳು ಆಡುವ ಕೋಣೆಯಲ್ಲಿ ಈ ಕೆಲಸ ಮಾಡಬಾರದು. ಮಾಡುವಾಗ ತಿನ್ನಬಾರದು, ಸೇದಬಾರದು. ಮುಗಿದ ಮೇಲೆ ಸಾಬೂನಿನಿಂದ ಕೈತೊಳೆಯಬೇಕು. ಕೇಸುಗಳನ್ನು ನೀರಿನಲ್ಲಿ ತೊಳೆದರೆ ಧೂಳು ಕಡಿಮೆ. ಕಣ್ಣಿಗೆ ರಕ್ಷಾ ಕನ್ನಡಕ ಕಡ್ಡಾಯ. ಪ್ರೈಮರ್‌ಗಳನ್ನು ತಯಾರಕರ ಪೆಟ್ಟಿಗೆಯಲ್ಲಿಯೇ ಇಡಬೇಕು, ಸಡಿಲವಾಗಿ ರಾಶಿ ಹಾಕಬಾರದು: ಒಂದು ಸಿಡಿದರೆ ಪಕ್ಕದವೂ ಸಿಡಿಯುತ್ತವೆ.

ಕಾನೂನು

ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಸ್ವಂತ ಬಳಕೆಯ ಮರುಭರ್ತಿಗೆ ಪರವಾನಗಿ ಬೇಡ, ಮಾರಾಟಕ್ಕೆ ತಯಾರಿಸಲು ಬೇಕು. ಜರ್ಮನಿಯಲ್ಲಿ ಸ್ಫೋಟಕ ಕಾಯಿದೆಯ 27ನೇ ಪ್ರಕರಣದಂತೆ ತರಬೇತಿ ಪಡೆದು ಅನುಮತಿ ತೆಗೆದುಕೊಂಡವರಿಗಷ್ಟೇ ಅವಕಾಶ.

ಭಾರತದ 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೇ ಪ್ರಕರಣವು ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದನ್ನು ನಿಷೇಧಿಸುತ್ತದೆ. ಕಾಯಿದೆಯ ವ್ಯಾಖ್ಯೆಯಲ್ಲಿ ಮದ್ದುಗುಂಡಿನ ಬಿಡಿಭಾಗಗಳೂ ಅವನ್ನು ತಯಾರಿಸುವ ಯಂತ್ರಗಳೂ ಸೇರಿವೆ. ಪಿಸ್ತೂಲು ಇಟ್ಟುಕೊಳ್ಳಲು ಪಡೆದ ಪರವಾನಗಿಯು ತೋಟಾ ತಯಾರಿಸುವ ಪರವಾನಗಿಯಲ್ಲ.

ಒಲಿಂಪಿಕ್ ಮಾದರಿಯ ಹೆಚ್ಚಿನ ಪಿಸ್ತೂಲು ಸ್ಪರ್ಧೆಗಳಿಗೆ ಮರುಭರ್ತಿಯ ಸಂಬಂಧವೇ ಇಲ್ಲ. 10 ಮೀಟರ್ ಸ್ಪರ್ಧೆ ಗಾಳಿಯ ಪಿಸ್ತೂಲಿನದು. 25 ಮೀಟರ್ ರ‍್ಯಾಪಿಡ್ ಫೈರ್‌ನಲ್ಲಿಯೂ, ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ 50 ಮೀಟರ್ ಪಿಸ್ತೂಲಿನಲ್ಲಿಯೂ ಬಳಸುವುದು .22 ರಿಮ್‌ಫೈರ್ ತೋಟಾ. ಅದರ ಸಿಡಿಯುವ ರಾಸಾಯನಿಕವನ್ನು ಕೇಸಿನ ಅಂಚಿನೊಳಗೇ ತುಂಬಿರುವುದರಿಂದ, ಒಮ್ಮೆ ಹಾರಿಸಿದ ಮೇಲೆ ಅದನ್ನು ಮರುಭರ್ತಿ ಮಾಡಿ ಬಳಸುವ ರೂಢಿಯಿಲ್ಲ.